ಬಳ್ಳಾರಿಯ ಬಿಸಿಲಿಗೆ ಬಂದ ರೆಡ್‌ವುಡ್: ಒಂದು ಮನೆಯ ಮುಂಗೋಡೆಯ ಪ್ರಕರಣ

ಬಳ್ಳಾರಿ ನಗರದ ಹೊರವಲಯದ ಬಡಾವಣೆಯೊಂದರ ಮನೆಯ ಕಥೆ ಇದು. ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಅವರ ಹೆಸರನ್ನಾಗಲಿ, ಕೆಲಸ ಮಾಡಿದ ಬಡಗಿಗಳ ಮತ್ತು ಸಾಮಾನು ಒದಗಿಸಿದ ಅಂಗಡಿಗಳ ಹೆಸರನ್ನಾಗಲಿ ಹೇಳುವುದಿಲ್ಲ. ಗುರುತು ಸಿಗದಂತೆ ಮನೆಯ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ. ಮರ, ಮರದ ಮೇಲಿನ ಕಲೆ, ಎಣ್ಣೆ, ಬಿಸಿಲುಗಳ ವಿಷಯದಲ್ಲಿ ಮಾತ್ರ ಏನನ್ನೂ ಬದಲಿಸಿಲ್ಲ. ಕಟ್ಟಡಗಳ ಹೊರಮೈ ಮರಗೆಲಸದ ಉಸ್ತುವಾರಿ ನನ್ನ ವೃತ್ತಿ. ನಾನು ಆ ಮನೆಗೆ ಮೊದಲ ಸಲ ಹೋದದ್ದು 2022ರ ಫೆಬ್ರವರಿಯಲ್ಲಿ, ಅಂದರೆ ಐದು ವರ್ಷಗಳ ತಪ್ಪುಗಳು ಆ ಗೋಡೆಯ ಮೇಲೆ ಒಂದರ ಮೇಲೊಂದು ಕೂತ ಮೇಲೆ.

ಹಿನ್ನೆಲೆ

ಮನೆಯ ಯಜಮಾನರು ಹಲವು ವರ್ಷ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಮಾಡಿ ಊರಿಗೆ ಮರಳಿದವರು. ಬರುವಾಗ ಮನೆಸಾಮಾನಿನ ಕಂಟೇನರಿನಲ್ಲಿಯೇ ಆರು ಇಂಚು ಅಗಲದ ರೆಡ್‌ವುಡ್ ಹಲಗೆಗಳನ್ನೂ ತಂದರು. 2017ರಲ್ಲಿ ಮನೆ ಕಟ್ಟಿಸಿದಾಗ ಪಶ್ಚಿಮಕ್ಕೆ ಮುಖ ಮಾಡಿದ ಮುಂಗೋಡೆಗೆ, ಕಟ್ಟೆಯಿಂದ ಮೇಲಿನ ಸಜ್ಜದವರೆಗೆ, ಆ ಹಲಗೆಗಳನ್ನು ಅಡ್ಡಲಾಗಿ 18 ಸಾಲು ಹೊಡೆಸಿದರು. ಬಾಗಿಲು ಕಿಟಕಿ ಕಳೆದರೆ ಸುಮಾರು 200 ಚದರಡಿ ಮರ. ಹಲಗೆಯ ಹಿಂದೆ ಲಂಬವಾದ ಪಟ್ಟಿಗಳನ್ನು ಕೊಟ್ಟು ಗಾಳಿ ಆಡಲು ಜಾಗ ಬಿಟ್ಟಿದ್ದರು. ಆಗ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದು ಮುಖ್ಯವಾದದ್ದು, ಬಹುಶಃ ಒಂದೇ ಒಂದು.

ಈ ಮರದ ಸ್ವಭಾವವನ್ನು ಇಲ್ಲಿಯೇ ಹೇಳಿಬಿಡಬೇಕು. ಸೆಕ್ವೊಯಾ ಸೆಂಪರ್‌ವೈರೆನ್ಸ್ ಎಂಬ ಈ ಜಾತಿ ಕ್ಯಾಲಿಫೋರ್ನಿಯಾದ ಉತ್ತರ ಕರಾವಳಿಯ ಕಿರಿದಾದ ಪಟ್ಟಿಯಲ್ಲಿ ಮತ್ತು ಅದಕ್ಕೆ ತಾಗಿದ ಆರೆಗಾನ್‌ನ ತುದಿಯಲ್ಲಿ ಬೆಳೆಯುತ್ತದೆ. ಜಗತ್ತಿನ ಅತಿ ಎತ್ತರದ ಮರ ಇದೇ ಜಾತಿಯದು. 115 ಮೀಟರ್ ದಾಟಿದ ಮರವೂ ಇದೆ. ಬೇಸಿಗೆಯಲ್ಲಿ ಸಮುದ್ರದ ಮಂಜು ಹನಿಹನಿಯಾಗಿ ಇಳಿದು ಇವುಗಳ ಬುಡ ತೋಯಿಸುತ್ತದೆ. ಅಂಥ ತಂಪಿನಲ್ಲಿ ಬೆಳೆದ ಮರದ ಚೇಗಿನಲ್ಲಿ, ಅಂದರೆ ಒಳಮರದಲ್ಲಿ, ಟ್ಯಾನಿನ್ ಮೊದಲಾದ ಒಗರು ದ್ರವ್ಯಗಳು ತುಂಬಿರುತ್ತವೆ. ಕೆಂಪು ಬಣ್ಣ ಬರುವುದೂ ಅವುಗಳಿಂದ, ಕೊಳೆಗೆ ಸುಲಭವಾಗಿ ತುತ್ತಾಗದ ಗುಣ ಬರುವುದೂ ಅವುಗಳಿಂದ. ತೊಗಟೆಯ ಕೆಳಗಿನ ಬಿಳಿಚಿದ ಹೊರಮರಕ್ಕೆ ಈ ಗುಣ ಇಲ್ಲ. ಮರ ತೇಗಕ್ಕಿಂತ ಬಹಳ ಹಗುರ, ಮೆದು. ಉಗುರಿನಿಂದ ಒತ್ತಿದರೆ ಗುರುತು ಬೀಳುತ್ತದೆ. ನೀರು ಕುಡಿದು ಉಬ್ಬುವುದು, ಒಣಗಿ ಕುಗ್ಗುವುದು ಕಡಿಮೆಯಾದ್ದರಿಂದ ಹೊರಗೋಡೆಗೆ ಅದು ಹೇಳಿ ಮಾಡಿಸಿದಂಥದು. ಹೇಳಿ ಮಾಡಿಸಿದ್ದು ಮಾತ್ರ ಅಲ್ಲಿನ ಹವೆಗೆ.

ಬಳ್ಳಾರಿಯಲ್ಲಿ ವರ್ಷಕ್ಕೆ ಬೀಳುವ ಮಳೆ 500 ಮಿಲಿಮೀಟರಿನ ಆಸುಪಾಸು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಮೇ ತಿಂಗಳ ಒಂದು ಮಧ್ಯಾಹ್ನ ಮೂರು ಗಂಟೆಗೆ ಈ ಗೋಡೆಯ ಮೈಶಾಖವನ್ನು ಅಳೆದಾಗ 60 ಡಿಗ್ರಿಗಿಂತ ಮೇಲೆ ತೋರಿಸಿತು. ಅಮೆರಿಕದವರು ರೆಡ್‌ವುಡ್ ರಕ್ಷಣೆಯ ಬಗ್ಗೆ ಬರೆದಿರುವುದರಲ್ಲಿ ಬಹುಪಾಲು ಮಳೆ, ಮಂಜು, ಬೂಷ್ಟುಗಳ ಭಯದ ಸುತ್ತ ಇರುತ್ತದೆ. ಅದನ್ನು ಓದಿ ಹಾಗೆಯೇ ಇಲ್ಲಿ ಪಾಲಿಸಿದರೆ ಇಲ್ಲದ ಶತ್ರುವಿಗೆ ಕಾವಲು ಹಾಕಿ, ಇರುವ ಶತ್ರುವಿಗೆ ಬಾಗಿಲು ತೆರೆದಿಟ್ಟಂತಾಗುತ್ತದೆ.

ಮನೆಯ ಮುಂದಿನ ಕಾರು ನಿಲ್ಲಿಸುವ ಜಾಗದ ಮೇಲೆ ಮರದ ಚಪ್ಪರವೊಂದನ್ನು 2018ರಲ್ಲಿ ಸೇರಿಸಿದರು. ತಂದ ಹಲಗೆ ಅದಕ್ಕೆ ಸಾಲದೆ, ಬೇರೆ ಊರಿನ ಮರದ ಅಡ್ಡೆಯೊಂದರಿಂದ ರೆಡ್‌ವುಡ್ ಎಂದೇ ಬಿಲ್ಲು ಬರೆಸಿ ತೊಲೆ, ಕಂಬಗಳನ್ನು ತರಿಸಿದ್ದರು. ಈ ಬಿಲ್ಲಿನ ಮಾತಿಗೆ ಮುಂದೆ ಬರುತ್ತೇನೆ.

ಐದು ವರ್ಷಗಳಲ್ಲಿ ನಡೆದದ್ದು

ಮೊದಲು ಬಡಗಿ ಎರಡು ಕೋಟು ಪಾರದರ್ಶಕ ಪಾಲಿಯುರೆಥೇನ್ ವಾರ್ನಿಶ್ ಬಳಿದರು. ಗೃಹಪ್ರವೇಶದ ಫೋಟೋಗಳಲ್ಲಿ ಗೋಡೆ ಹೊಸ ಪೀಠೋಪಕರಣದಂತೆ ಫಳಫಳಿಸುತ್ತದೆ. ಎರಡನೆಯ ಬೇಸಿಗೆಯ ಹೊತ್ತಿಗೆ ವಾರ್ನಿಶ್ ಹಳದಿಗೆ ತಿರುಗಿ, ಹಲಗೆಗಳ ತುದಿಯಿಂದ ಏಳತೊಡಗಿತು. ಎದ್ದದ್ದನ್ನು ಮೇಲಿಂದ ಮೇಲೆ ಉಜ್ಜಿ ಇನ್ನೊಂದು ಕೋಟು ಹೊಡೆದರು. ಅದೂ ಒಂದೂವರೆ ವರ್ಷದಲ್ಲಿ ಸುಲಿಯಿತು. ಆಗ ನೆಂಟರಲ್ಲಿ ಹಿರಿಯರೊಬ್ಬರು, ಹಳ್ಳಿಯ ಮನೆಯ ತಲಬಾಗಿಲಿಗೆ ತಮ್ಮ ತಂದೆ ಅಗಸೆ ಎಣ್ಣೆ ಉಜ್ಜುತ್ತಿದ್ದುದನ್ನು ನೆನಪಿಸಿಕೊಂಡು ಅದನ್ನೇ ಮಾಡಿಸಿದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಆ ತಲಬಾಗಿಲು ಪಡಸಾಲೆಯ ನೆರಳಿನಲ್ಲಿ ಇತ್ತು, ಮರ ಗಟ್ಟಿ ತೇಗವೋ ಮತ್ತಿಯೋ ಆಗಿತ್ತು, ಎಣ್ಣೆಯನ್ನು ಬಟ್ಟೆಯಲ್ಲಿ ತೆಳ್ಳಗೆ ತಿಕ್ಕಿ ಒರೆಸುತ್ತಿದ್ದರು. ಇಲ್ಲಿ ಅರೆಬರೆ ಸುಲಿದ ವಾರ್ನಿಶ್ ಮೇಲೆ ಹಸಿ ಎಣ್ಣೆಯನ್ನು ಬ್ರಷ್ಷಿನಲ್ಲಿ ಸುರಿದಂತೆ ಬಳಿದರು. ಎಣ್ಣೆ ವಾರಗಟ್ಟಲೆ ಒಣಗಲಿಲ್ಲ. ಊರಿನ ಕೆಂಧೂಳೆಲ್ಲ ಅದರ ಮೇಲೆ ಕೂತು ಗೋಡೆ ಜಿಗಟು ಕಂದುಬಣ್ಣಕ್ಕೆ ತಿರುಗಿತು.

2021ರ ಮಳೆಗಾಲ ಮುಗಿದಾಗ ಗೋಡೆಯ ಎಡಭಾಗದಲ್ಲಿ ಕರಿಚುಕ್ಕೆಗಳು ದಟ್ಟವಾಗಿ ಕಾಣಿಸಿಕೊಂಡವು. ಬೂಷ್ಟು ಎಂದು ತೀರ್ಮಾನಿಸಿ ಬ್ಲೀಚಿಂಗ್ ದ್ರಾವಣ ಹಾಕಿ, ಕಾರು ತೊಳೆಯುವ ಒತ್ತಡದ ಪಂಪಿನಿಂದ ತೊಳೆದರು. ಚುಕ್ಕೆ ಹೋಗಲಿಲ್ಲ, ಮೆದು ಮರದ ಮೈ ಮಾತ್ರ ನಾರುನಾರಾಗಿ ಎದ್ದು ಬೆಳ್ಳಗಾಯಿತು. ನನ್ನನ್ನು ಕರೆದದ್ದು ಇದಾದ ಮೇಲೆ. ಯಜಮಾನರ ಮೊದಲ ಪ್ರಶ್ನೆ, ಇದಕ್ಕೆ ಯಾವ ಕಂಪನಿಯ ವಾರ್ನಿಶ್ ಒಳ್ಳೆಯದು ಎಂಬುದಾಗಿತ್ತು.

ಗೋಡೆಯ ಎದುರು ನಿಂತಾಗ

ಉತ್ತರ ಕೊಡುವ ಮೊದಲು ಸುಲಿದ ವಾರ್ನಿಶ್ಶಿನ ಒಂದು ಪದರನ್ನು ಉಗುರಿನಿಂದ ಎಬ್ಬಿಸಿ ಅಂಗೈ ಮೇಲೆ ಮಗುಚಿ ನೋಡಿದೆ. ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಆ ಪದರಿನ ಒಳಮೈಗೆ ಕಂದು ಮರದ ಸಣ್ಣ ನಾರುಗಳು ಅಂಟಿಕೊಂಡಿದ್ದವು. ವಾರ್ನಿಶ್ ಮರವನ್ನು ಬಿಟ್ಟಿರಲಿಲ್ಲ. ಮರವೇ ತನ್ನ ಮೇಲ್ಪದರನ್ನು ಬಿಟ್ಟುಕೊಟ್ಟಿತ್ತು. ಬಿಸಿಲಿನ ಅತಿನೇರಳೆ ಕಿರಣ ಪಾರದರ್ಶಕ ಪದರನ್ನು ಸುಲಭವಾಗಿ ದಾಟಿ, ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಎಂಬ ಅಂಟನ್ನು ಕೆಡಿಸುತ್ತದೆ. ಹಿಡಿದುಕೊಳ್ಳಲು ಗಟ್ಟಿ ನೆಲವೇ ಇಲ್ಲವಾದಾಗ ಎಂಥ ಉತ್ತಮ ವಾರ್ನಿಶ್ ಆದರೂ ಮರದ ನಾರಿನ ಸಮೇತ ಮೇಲೇಳುತ್ತದೆ. ಯಜಮಾನರಿಗೆ ಆ ಪದರನ್ನೇ ತೋರಿಸಿದೆ. ಕಂಪನಿಯ ಪ್ರಶ್ನೆಯನ್ನು ಅವರು ಮತ್ತೆ ಎತ್ತಲಿಲ್ಲ.

ಕರಿಚುಕ್ಕೆಗಳ ವಿಷಯ ಇಷ್ಟು ಸುಲಭವಾಗಿರಲಿಲ್ಲ. ಬ್ಲೀಚಿಗೆ ಹೋಗದ ಮೇಲೆ ಅದು ಗಣಿ ಧೂಳಿನ ಕೆಲಸ ಎಂಬುದರಲ್ಲಿ ಮನೆಯಲ್ಲಿಯೂ ಬೀದಿಯಲ್ಲಿಯೂ ಯಾರಿಗೂ ಅನುಮಾನವಿರಲಿಲ್ಲ. ಸಂಡೂರು, ಹೊಸಪೇಟೆ ಕಡೆಯ ಅದಿರಿನ ಕೆಂಪು ನಮ್ಮ ಜಿಲ್ಲೆಯಲ್ಲಿ ಯಾವುದರ ಮೇಲೆ ಕೂತಿಲ್ಲ? ಬಟ್ಟೆ ಕೆಂಪಾದರೂ ಕೆಮ್ಮು ಬಂದರೂ ನಾವು ಮೊದಲು ಬೆರಳು ತೋರಿಸುವುದು ಅದರ ಕಡೆಗೇ, ಎಷ್ಟೋ ಸಲ ಸರಿಯಾಗಿಯೇ. ನನಗೆ ಒಪ್ಪಿಗೆಯಾಗದೆ ಹೋದದ್ದು ಚುಕ್ಕೆಗಳ ಹಂಚಿಕೆ. ಗಾಳಿಯಲ್ಲಿ ಬರುವ ಧೂಳು ಗೋಡೆಯ ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ಸಮ ಬೀಳುತ್ತದೆ, ಅಂಚುಗಳ ಮೇಲೆ ದಪ್ಪಗೆ ಕೂರುತ್ತದೆ. ಈ ಚುಕ್ಕೆಗಳು ಗೇಟಿನ ಕಡೆಯ ಎಡಮೂಲೆಯಲ್ಲಿ, ನೆಲದಿಂದ ಮೂರಡಿ ಎತ್ತರದವರೆಗೆ ದಟ್ಟವಾಗಿದ್ದು, ಅಲ್ಲಿಂದ ಬೀಸಣಿಗೆ ಬಿಚ್ಚಿದಂತೆ ಮೇಲಕ್ಕೂ ಬಲಕ್ಕೂ ವಿರಳವಾಗುತ್ತ ಹೋಗಿದ್ದವು. ಗೇಟಿಗೆ ಏನಾದರೂ ಕೆಲಸ ಮಾಡಿಸಿದ್ದಿರಾ ಎಂದು ಕೇಳಿದೆ. 2020ರ ಕೊನೆಯಲ್ಲಿ ಗೇಟಿನ ಅಗಲ ಹೆಚ್ಚಿಸಲು ಮೂರು ದಿನ ಅಲ್ಲಿಯೇ ಕಬ್ಬಿಣ ಕತ್ತರಿಸಿ, ಬೆಸುಗೆ ಹಾಕಿ, ಗ್ರೈಂಡರ್ ಹಿಡಿದಿದ್ದರಂತೆ.

ಎರಡು ಪರೀಕ್ಷೆ ಮಾಡಿದೆವು. ಮೊದಲನೆಯದು ಎರಡು ಹನಿಯ ಪರೀಕ್ಷೆ. ಒಂದು ಚುಕ್ಕೆಯ ಮೇಲೆ ಬ್ಲೀಚ್, ಇನ್ನೊಂದರ ಮೇಲೆ ಆಕ್ಸಾಲಿಕ್ ಆಮ್ಲದ ದ್ರಾವಣ. ಬೂಷ್ಟಾಗಿದ್ದರೆ ಬ್ಲೀಚಿಗೆ ಬಿಳಿಯಾಗಬೇಕು, ಕಬ್ಬಿಣದ ಕಲೆಯಾಗಿದ್ದರೆ ಆಕ್ಸಾಲಿಕ್‌ಗೆ ಕರಗಬೇಕು. ಬ್ಲೀಚಿನ ಚುಕ್ಕೆ ಕದಲಲಿಲ್ಲ. ಆಕ್ಸಾಲಿಕ್ ಬಿದ್ದ ಕಡೆ ಕೆಲವೇ ನಿಮಿಷಗಳಲ್ಲಿ ಕೆಂಪು ಮರ ಕಣ್ಣುಬಿಟ್ಟಿತು.

ಕಬ್ಬಿಣ ಎಂದಾಯಿತು. ಹಾಗಾದರೆ ಗಣಿ ಧೂಳೂ ಕಬ್ಬಿಣವೇ ಅಲ್ಲವೇ ಎಂದು ಯಜಮಾನರು ಪಟ್ಟು ಹಿಡಿದರು. ನ್ಯಾಯವಾದ ಪ್ರಶ್ನೆ. ಅವರು ಉಗ್ರಾಣದಲ್ಲಿ ಜೋಪಾನವಾಗಿಟ್ಟಿದ್ದ ನಾಲ್ಕು ಹೆಚ್ಚುವರಿ ಹಲಗೆಗಳಲ್ಲಿ ಒಂದನ್ನು ತುಂಡು ಮಾಡಲು ಒಪ್ಪಿಸುವುದೇ ಒಂದು ಕೆಲಸವಾಯಿತು. ಒಂದು ತುಂಡಿನ ಮೇಲೆ ತಾರಸಿಯಿಂದ ಗುಡಿಸಿ ತಂದ ಕೆಂಧೂಳು, ಇನ್ನೊಂದರ ಮೇಲೆ ಗ್ರಿಲ್ ಅಂಗಡಿಯ ನೆಲದಿಂದ ತಂದ ಗ್ರೈಂಡರಿನ ಪುಡಿ, ಎರಡರ ಮೇಲೂ ಒದ್ದೆ ಬಟ್ಟೆ ಹೊದಿಸಿ ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆ ಮೊದಲ ತುಂಡನ್ನು ನೀರಿನಲ್ಲಿ ತೊಳೆದಾಗ ತೆಳುಗೆಂಪಿನ ಛಾಯೆ ಬಿಟ್ಟರೆ ಏನೂ ಉಳಿಯಲಿಲ್ಲ. ಎರಡನೆಯದು ನೀಲಿಗಪ್ಪಾಗಿ, ಮಸಿ ಚೆಲ್ಲಿದಂತೆ ಆಗಿತ್ತು. ಅದನ್ನು ಕೈಗೆತ್ತಿಕೊಂಡ ಮನೆಯ ಅಜ್ಜಿ, "ಅಳಲೆಕಾಯಿ ಮಸಿ ಆದಂಗ ಆಗೈತಲ್ಲ ಇದು" ಎಂದರು.

ಅಜ್ಜಿ ಹೇಳಿದ್ದು ಅಕ್ಷರಶಃ ನಿಜ. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಎಂಬ ಕಬ್ಬಿಣದ ಲವಣ ಹಾಕಿ ಮಸಿ ಮಾಡುತ್ತಿದ್ದ ಕಾಲದ ರಸಾಯನವೇ ಇದು: ಒಗರು ಮತ್ತು ನೀರಿನಲ್ಲಿ ಕರಗುವ ಕಬ್ಬಿಣ ಸೇರಿದರೆ ಕಪ್ಪು. ಬಾಳೆಕಾಯಿ ಹೆಚ್ಚಿದ ಕಬ್ಬಿಣದ ಈಳಿಗೆ ಕಪ್ಪಾಗುವುದೂ ಇದೇ ಕಾರಣಕ್ಕೆ. ಗಣಿ ಧೂಳಿನಲ್ಲಿರುವ ಹೆಮಟೈಟ್ ಎಂಬ ಅದಿರು ಆಗಲೇ ಪೂರ್ತಿ ಆಮ್ಲಜನಕ ಹೀರಿ ಮುಗಿಸಿದ ಕಬ್ಬಿಣ. ನೀರಿನಲ್ಲಿ ಕರಗುವುದು ಇಲ್ಲವೆನ್ನುವಷ್ಟು ಕಡಿಮೆ. ಗ್ರೈಂಡರಿನ ಪುಡಿ ಹಸಿ ಕಬ್ಬಿಣ. ತೇವ ತಾಗಿದೊಡನೆ ತುಕ್ಕಿಗೆ ಇಳಿದು ಒಗರಿನೊಡನೆ ಬೆರೆಯುತ್ತದೆ. ಮೂರು ದಿನದ ಗೇಟಿನ ಕೆಲಸದಲ್ಲಿ ಜಿಗಟು ಎಣ್ಣೆಯ ಮೇಲೆ ಹಾರಿ ಕೂತ ಕಿಡಿಗಳು ಮೊದಲ ದೊಡ್ಡ ಮಳೆಗೆ ಕಾಯುತ್ತಿದ್ದವು. ಗೋಡೆಯ ಉದ್ದಕ್ಕೂ ಪ್ರತಿ ಮೊಳೆಯ ಕೆಳಗೆ ಇಳಿದಿದ್ದ ಕರಿಯ ಕಣ್ಣೀರಿನ ಗೆರೆಗಳಿಗೂ ಇದೇ ಕಾರಣ: 2017ರಲ್ಲಿ ಹೊಡೆದದ್ದು ಸಾದಾ ಕಬ್ಬಿಣದ ಮೊಳೆ. ಬ್ಲೀಚ್ ಆ ಮೊಳೆಗಳನ್ನು ಇನ್ನಷ್ಟು ತುಕ್ಕು ಹಿಡಿಸಿತ್ತು.

ಬಿಲ್ಲಿನಲ್ಲಿದ್ದ ರೆಡ್‌ವುಡ್

ಚಪ್ಪರದ ಕಂಬಗಳ ಬುಡದಲ್ಲಿ ಗೆದ್ದಲಿನ ಮಣ್ಣಿನ ಗೆರೆಗಳಿದ್ದವು. ಚಾಕುವಿನ ತುದಿ ಒಂದು ಇಂಚು ಒಳಗೆ ಹೋಯಿತು. ರೆಡ್‌ವುಡ್‌ಗೆ ಗೆದ್ದಲು ಹಿಡಿಯುವುದಿಲ್ಲ ಎಂದು ಓದಿದ್ದ ಯಜಮಾನರಿಗೆ ಇದು ದೊಡ್ಡ ಆಘಾತ. ಹಾಗೆ ಖಂಡಿತವಾಗಿ ಹೇಳುವುದು ನಿಜವಾದ ರೆಡ್‌ವುಡ್ ವಿಷಯದಲ್ಲಿಯೂ ಸರಿಯಲ್ಲ. ಈ ಕಂಬಗಳ ಪ್ರಶ್ನೆಯಂತೂ ಬೇರೆಯೇ ಆಗಿತ್ತು. ತೊಲೆಯ ತುದಿಯನ್ನು ಹರಿತವಾದ ಬ್ಲೇಡಿನಿಂದ ಕೆತ್ತಿ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿದರೆ, ವರ್ಷದ ಉಂಗುರಗಳ ದಟ್ಟ ಭಾಗದಲ್ಲಿ ಸೂಜಿಮೊನೆಯಂಥ ರಾಳದ ನಾಳಗಳು ಕಾಣಿಸಿದವು. ಕೆತ್ತಿದ ಜಾಗದಿಂದ ಟರ್ಪಂಟೈನಿನ ವಾಸನೆಯೂ ಬಂತು. ಕ್ಯಾಲಿಫೋರ್ನಿಯಾದ ರೆಡ್‌ವುಡ್‌ನಲ್ಲಿ ಸಾಮಾನ್ಯವಾಗಿ ಅಂಥ ನಾಳಗಳಿರುವುದಿಲ್ಲ, ಒಣಮರಕ್ಕೆ ಹೇಳಿಕೊಳ್ಳುವ ವಾಸನೆಯೂ ಇಲ್ಲ. ಗ್ರೈಂಡರಿನ ಪುಡಿ ಈ ಮರವನ್ನು ಅಷ್ಟಾಗಿ ಕಪ್ಪು ಮಾಡಲೂ ಇಲ್ಲ. ಇದು ಪೈನ್.

ಮಾರಿದವರು ಮೋಸ ಮಾಡಿದರೆಂದು ಯಜಮಾನರು ಸಿಟ್ಟಾದರು. ನಾನು ಹಾಗೆ ಹೇಳಲಾರೆ. ಯುರೋಪಿನಿಂದ ಬರುವ ಸ್ಕಾಟ್ಸ್ ಪೈನ್‌ಗೆ ಮರದ ವ್ಯಾಪಾರದಲ್ಲಿ ಬಹುಕಾಲದಿಂದ ರೆಡ್‌ವುಡ್ ಎಂದೇ ಹೆಸರು. ಹೆಸರು ಒಂದೇ, ಮರ ಎರಡು. ಸಂಶಯವಿದ್ದವರು ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಗೆ ತುಂಡು ಕಳಿಸಿ ಜಾತಿ ಗುರುತಿಸಿಕೊಳ್ಳಬಹುದು. ಇಲ್ಲಿ ಭೂತಗನ್ನಡಿಯೇ ಸಾಕಾಯಿತು. ಅಂದಹಾಗೆ ಬೀದಿಯಲ್ಲಿ ಕೆಲವರು ಈ ಗೋಡೆಯನ್ನು ರಕ್ತಚಂದನವೆಂದೇ ನಂಬಿದ್ದರಂತೆ. ಆಂಧ್ರದ ಗಡಿ ಇಷ್ಟು ಹತ್ತಿರ ಇರುವಾಗ, ಕಡಪದ ಕಾಡಿನ ಕಳ್ಳಸಾಗಣೆಯ ಸುದ್ದಿ ಆಗಾಗ ಪತ್ರಿಕೆಯಲ್ಲಿ ಬರುವಾಗ, ಆ ಊಹೆ ಯಜಮಾನರಿಗೆ ತಮಾಷೆಯಾಗಿ ಉಳಿದಿರಲಿಲ್ಲ. ರಕ್ತಚಂದನ ನೀರಿಗೆ ಹಾಕಿದರೆ ಮುಳುಗುವಷ್ಟು ಭಾರ. ಈ ಹಲಗೆಯನ್ನು ಒಂದು ಕೈಯಲ್ಲಿ ಎತ್ತಿ ತೋರಿಸಿದರೆ ಸಾಕಿತ್ತು.

ಒಂದು ಬೇಸಿಗೆಯ ಕಾಯುವಿಕೆ

ಮುಂದಿನ ದಾರಿ ನಾಲ್ಕು ಇದ್ದವು. ಹಾಗೆಯೇ ಬಿಟ್ಟು ಬೂದುಬಣ್ಣಕ್ಕೆ ತಿರುಗಲು ಬಿಡುವುದು, ಮತ್ತೆ ವಾರ್ನಿಶ್, ಮರ ಕಾಣದಂತೆ ಬಣ್ಣ ಬಳಿಯುವುದು, ಬಣ್ಣದ ಪುಡಿ ಬೆರೆತ, ಮರದೊಳಗೆ ಇಳಿಯುವ ಎಣ್ಣೆಯ ಸ್ಟೇನ್. ಬರಿ ಬಾಳಿಕೆಯೊಂದನ್ನೇ ನೋಡಿದರೆ ಪೂರ್ತಿ ಮುಚ್ಚುವ ಬಣ್ಣವೇ ಗೆಲ್ಲುತ್ತದೆ. ಪಶ್ಚಿಮದ ಬಿಸಿಲಿಗೆ ಅದಕ್ಕಿಂತ ಒಳ್ಳೆಯ ಕೊಡೆ ಇಲ್ಲ. ನಾನು ಅದನ್ನೇ ಮೊದಲು ಹೇಳಿದೆ. ಏಳು ಸಮುದ್ರ ದಾಟಿಸಿ ತಂದ ಮರಕ್ಕೆ ಬಣ್ಣ ಹೊಡೆಯುವುದಾದರೆ ಸಿಮೆಂಟಿನ ಗೋಡೆಯೇ ಸಾಕಿತ್ತಲ್ಲ ಎಂದು ಅವರು ಒಪ್ಪಲಿಲ್ಲ. ಹಾಗೆ ಬಿಡುವ ದಾರಿಯೂ ಕೆಟ್ಟದ್ದಲ್ಲ. ಬಿಸಿಲು ಮಳೆಗೆ ಬಿಟ್ಟ ಮೆದುಮರದ ಮೈ ಸವೆಯುವುದು ನೂರು ವರ್ಷಕ್ಕೆ ಸುಮಾರು 6 ಮಿಲಿಮೀಟರ್ ಎಂಬುದು ಸಮಶೀತೋಷ್ಣ ದೇಶಗಳಲ್ಲಿ ಒಪ್ಪಿತವಾದ ಲೆಕ್ಕ. ಆದರೆ ಅಲ್ಲಿ ಬೆಳ್ಳಿಬೂದಿಯಾಗುವ ಮರ ನಮ್ಮ ಧೂಳಿನಲ್ಲಿ ಕೊಳಕು ಕಂದಾಗುತ್ತದೆ, ಬಿಸಿಲಿಗೆ ಸೀಳು ಬಿಡುತ್ತದೆ.

ವಾದ ಬೆಳೆಸುವ ಬದಲು, ತುಂಡು ಮಾಡಿದ ಹಲಗೆಯಲ್ಲಿ ಉಳಿದ ಮೂರು ತುಂಡುಗಳಿಗೆ ಮೂರು ಲೇಪ ಹಾಕಿ ಪಶ್ಚಿಮದ ಕಾಂಪೌಂಡಿಗೆ ತೂಗುಹಾಕಲು ಹೇಳಿದೆ. ಬಿಸಿಲು ತಡೆಯುತ್ತದೆಂದು ಬರೆದಿದ್ದ ದುಬಾರಿ ವಾರ್ನಿಶ್ ಒಂದಕ್ಕೆ, ನೀರು ತಡೆಯುವ ಪಾರದರ್ಶಕ ದ್ರಾವಣ ಇನ್ನೊಂದಕ್ಕೆ, ಕೆಂಗಂದು ಬಣ್ಣದ ಸ್ಟೇನ್ ಮೂರನೆಯದಕ್ಕೆ. ಮಾರ್ಚಿಯಿಂದ ಜೂನ್‌ವರೆಗೆ ಕಾಯಬೇಕೆಂದಾಗ ಯಜಮಾನರ ಮುಖ ಸಪ್ಪಗಾಯಿತು. ಯುಗಾದಿಯ ಹೊತ್ತಿಗೆ ಗೋಡೆ ಮುಗಿಯಬೇಕೆಂಬುದು ಅವರ ಆಸೆಯಾಗಿತ್ತು. ಜೂನ್ ಕೊನೆಗೆ ಪಾರದರ್ಶಕ ದ್ರಾವಣದ ತುಂಡು ಬೂದುಬಣ್ಣಕ್ಕೆ ತಿರುಗಿತ್ತು. ವಾರ್ನಿಶ್ ನಡುವೆ ಚೆನ್ನಾಗಿದ್ದರೂ ಕೊಯ್ದ ತುದಿಯಲ್ಲಿ ಕೂದಲೆಳೆಯಷ್ಟು ಎದ್ದಿತ್ತು. ಸ್ಟೇನ್ ಸ್ವಲ್ಪ ಮಂಕಾಗಿತ್ತು, ಅಷ್ಟೇ. ಆ ಕೂದಲೆಳೆಯಷ್ಟು ಬಿರುಕಿಗೆ ಯಜಮಾನರೇ ಉಗುರು ಹಾಕಿ ನೋಡಿ ತೀರ್ಮಾನಿಸಿದರು. ಈ ಪ್ರಕರಣದಲ್ಲಿ ನನಗೆ ನಿಜವಾದ ತಿರುವೆನಿಸಿದ್ದು ಅದೇ ಗಳಿಗೆ. ನಾನು ಎಷ್ಟು ವಿವರಿಸಿದ್ದರೂ ಆ ನಂಬಿಕೆ ಹುಟ್ಟುತ್ತಿರಲಿಲ್ಲ.

ಆ ಸ್ಟೇನ್‌ನಲ್ಲಿರುವ ಕೆಂಗಂದು ಪುಡಿಯೂ ಕಬ್ಬಿಣದ ಆಕ್ಸೈಡೇ. ಕಿರಣವನ್ನು ತಡೆಯುವುದು ಅದೇ, ಅದು ಮರವನ್ನು ಕಪ್ಪು ಮಾಡದಿರುವುದು ಗಣಿ ಧೂಳು ಮಾಡದಿರುವ ಕಾರಣಕ್ಕೇ: ನೀರಿನಲ್ಲಿ ಕರಗುವುದಿಲ್ಲ. ಕಬ್ಬಿಣದಿಂದ ಕೆಟ್ಟ ಗೋಡೆಗೆ ಕಬ್ಬಿಣದ್ದೇ ಕೊಡೆ.

ಕೆಲಸ

ಮಳೆ ಮುಗಿದು ಮರ ಒಣಗಿದ ಮೇಲೆ, 2022ರ ನವೆಂಬರಿನಲ್ಲಿ ಶುರುಮಾಡಿದೆವು. ಹಳೆಯ ವಾರ್ನಿಶ್ ಮತ್ತು ಅರೆ ಒಣಗಿದ ಅಗಸೆ ಎಣ್ಣೆ ಸೇರಿ ಉಪ್ಪುಕಾಗದವನ್ನು ಎರಡು ನಿಮಿಷಕ್ಕೇ ಕಟ್ಟಿಹಾಕುತ್ತಿದ್ದುದರಿಂದ ಹಳೆಯ ಲೇಪವನ್ನು ಸಡಿಲಿಸುವ ಕ್ಷಾರದ ಸ್ಟ್ರಿಪ್ಪರ್ ಬಳಸಿ, ಅಗಲ ಕೆರೆಕಡ್ಡಿಯಿಂದ ಕೆರೆದೆವು. ಕ್ಷಾರ ತಾಗಿದ ರೆಡ್‌ವುಡ್ ಕಾಫಿ ಬಣ್ಣಕ್ಕೆ ಇಳಿಯುತ್ತದೆ. ಇದು ಗೊತ್ತಿಲ್ಲದಿದ್ದರೆ ಎದೆ ಧಸಕ್ಕೆನ್ನುತ್ತದೆ. ಯಜಮಾನರಿಗೆ ಹಾಗೇ ಆಯಿತು. ಮೇಲಿಂದ ಆಕ್ಸಾಲಿಕ್ ಬಿದ್ದಾಗ ಆ ಕಪ್ಪೂ ಕಬ್ಬಿಣದ ಕಪ್ಪೂ ಒಟ್ಟಿಗೆ ಹೋಗುತ್ತವೆ. ಲೀಟರ್ ಬಿಸಿನೀರಿಗೆ ಸುಮಾರು 50 ಗ್ರಾಂ ಹಾಕಿ, ಚುಕ್ಕೆಗೆ ಮಾತ್ರವಲ್ಲದೆ ಹಲಗೆಯ ಪೂರ್ತಿ ಉದ್ದಕ್ಕೆ ಬಳಿದೆವು, ಇಲ್ಲದಿದ್ದರೆ ತೇಪೆ ಹಾಕಿದಂತೆ ಕಾಣುತ್ತದೆ. ಆಕ್ಸಾಲಿಕ್ ವಿಷ. ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬಾರದು. ಹೂಗಿಡಗಳ ಮೇಲೆ ಪ್ಲಾಸ್ಟಿಕ್ ಹೊದಿಸಿದ್ದೆವು.

ತೊಳೆಯುವಾಗ ಒಂದು ಎಡವಟ್ಟಾಯಿತು. ಮೊದಲ ದಿನ ಬೋರ್‌ವೆಲ್ ನೀರು ಬಿಟ್ಟೆವು. ಒಣಗಿದ ಮೇಲೆ ಹಲಗೆಗಳ ಮೇಲೆ ವಿಭೂತಿ ಬಳಿದಂತೆ ಬಿಳಿಪುಡಿ. ನಮ್ಮ ಕೊಳವೆಬಾವಿಗಳ ಗಡಸು ನೀರಿನ ಕ್ಯಾಲ್ಸಿಯಂ ಆಕ್ಸಾಲಿಕ್‌ನೊಡನೆ ಸೇರಿ, ನೀರಿನಲ್ಲಿ ಕರಗದ ಕ್ಯಾಲ್ಸಿಯಂ ಆಕ್ಸಲೇಟ್ ಆಗಿ ಕೂತಿತ್ತು. ನಾನು ಮೊದಲೇ ಯೋಚಿಸಬೇಕಾಗಿದ್ದ ಸಂಗತಿ. ಬ್ರಷ್ಷಿನಲ್ಲಿ ಉಜ್ಜಿ ತೆಗೆಯಲು ಅರ್ಧ ದಿನ ಹೋಯಿತು. ಮರುದಿನದಿಂದ ನಲ್ಲಿಯಲ್ಲಿ ಬರುವ ತುಂಗಭದ್ರೆಯ ಕಾಲುವೆ ನೀರನ್ನು ಡ್ರಮ್ಮುಗಳಲ್ಲಿ ಹಿಡಿದಿಟ್ಟು ಬಳಸಿದೆವು.

ಮೊಳೆಗಳ ವಿಷಯದಲ್ಲಿ ಪೂರ್ತಿ ಕೆಲಸ ಮಾಡಲಾಗಲಿಲ್ಲವೆಂದು ಒಪ್ಪಿಕೊಳ್ಳಬೇಕು. ಐದು ಬೇಸಿಗೆ ಒಣಗಿದ ಹಲಗೆಯಿಂದ ತುಕ್ಕು ಹಿಡಿದ ಮೊಳೆ ಕೀಳುವಾಗ ಎರಡು ಹಲಗೆ ತುದಿಯಲ್ಲಿ ಸೀಳಿದವು. ಹಾಗಾಗಿ ಮಳೆನೀರು ಬೀಳುವ ಕೆಳಗಿನ ಒಂಬತ್ತು ಸಾಲುಗಳಲ್ಲಿ ಮಾತ್ರ ಮೊಳೆ ತೆಗೆದು, ಮೊದಲೇ ರಂಧ್ರ ಕೊರೆದು, ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿದೆವು. ಸಜ್ಜದ ನೆರಳಿನಲ್ಲಿದ್ದವನ್ನು ಮುಟ್ಟಲಿಲ್ಲ.

ಅತಿ ಕೆಳಗಿನ ಎರಡು ಸಾಲುಗಳು ಒಂದು ಕಡೆ ಕೊಳೆತಿದ್ದವು. ಕಾರಣ ಗೋಡೆಗೆ ಒತ್ತಿ ಕಟ್ಟಿದ್ದ ಹೂಪಾತಿ. ದಿನವೂ ಹನಿ ನೀರು, ಹಲಗೆಯ ಅಂಚಿನವರೆಗೆ ಮಣ್ಣು. ಆ ಹಲಗೆಗಳಲ್ಲಿ ಒಂದು ಪಾರ್ಶ್ವ ಕೆನೆಬಣ್ಣದ ಹೊರಮರವಾಗಿತ್ತು, ಕೊಳೆ ಅಲ್ಲಿಂದಲೇ ಹತ್ತಿತ್ತು. ಬಳ್ಳಾರಿಯಂಥ ಒಣ ಊರಿನಲ್ಲಿ ಮರ ಕೊಳೆಯಬೇಕೆಂದರೆ ಅದಕ್ಕೆ ನೀರನ್ನು ನಾವೇ ಉಣಿಸಬೇಕು. ಅತಿ ಕೆಳಗಿನ ಸಾಲಿಗೆ ಮರದ ಬದಲು ಕಡಪ ಕಲ್ಲಿನ ಪಟ್ಟಿ ಕೊಟ್ಟು, ಅದರ ಮೇಲಿನ ಸಾಲಿನ ಕೊಳೆತ ಭಾಗಕ್ಕೆ ಉಗ್ರಾಣದ ಒಂದು ಹಲಗೆ ಹಾಕಿ, ಪಾತಿಯನ್ನು ಎರಡಡಿ ಮುಂದಕ್ಕೆ ಸರಿಸಿದೆವು.

ಚಪ್ಪರದ ಕಂಬಗಳನ್ನು ಕಿತ್ತು ಕಲ್ಲುಕಂಬ ನಿಲ್ಲಿಸಿದೆವು. ಕಲ್ಲಿಗೆ ಬರವಿಲ್ಲದ ಊರಿನಲ್ಲಿ ಪೈನ್ ಮರವನ್ನು ಕಾಂಕ್ರೀಟಿನಲ್ಲಿ ಹೂಳುವ ಬುದ್ಧಿ ಯಾರಿಗೆ ಬಂತೋ. ಮೇಲಿನ ತೊಲೆಗಳು ಗಟ್ಟಿಯಾಗಿದ್ದವು. ಅವು ರೆಡ್‌ವುಡ್ ಅಲ್ಲವೆಂದು ತಿಳಿದ ಮೇಲೆ ಬಣ್ಣ ಬಳಿಯಲು ಯಜಮಾನರಿಗೂ ಮನಸ್ಸು ಒಪ್ಪಿತು.

ಸ್ಟೇನ್ ಹಚ್ಚುವ ಮೊದಲು ಮೈಯನ್ನು 80ರ ಒರಟು ಉಪ್ಪುಕಾಗದದಲ್ಲಿ ಉಜ್ಜಿದೆವು. ಅದಕ್ಕಿಂತ ನುಣುಪು ಮಾಡಿದರೆ ಎಣ್ಣೆ ಒಳಗೆ ಇಳಿಯುವುದಿಲ್ಲ, ಆದರೂ ನುಣುಪು ಮಾಡದೆ ಬಡಗಿಗೆ ಸಮಾಧಾನವಿಲ್ಲ. ಹಲಗೆಗಳ ಕೊಯ್ದ ತುದಿಗಳಿಗೆ ಮೊದಲು, ಅವು ಕುಡಿಯುವಷ್ಟು. ಪಶ್ಚಿಮದ ಗೋಡೆಯಾದ್ದರಿಂದ ಬೆಳಗಿನ ಏಳರಿಂದ ಹನ್ನೊಂದರವರೆಗೆ ಮಾತ್ರ ಕೆಲಸ. ಬಿಸಿಲು ಬಿದ್ದ ಹಲಗೆಯ ಮೇಲೆ ಎಣ್ಣೆ ಇಳಿಯುವ ಮೊದಲೇ ಒಣಗಿ ಪಟ್ಟೆಗಳಾಗುತ್ತವೆ. ಒಂದೊಂದು ಹಲಗೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಲ್ಲಿಸದೆ ಮುಗಿಸಿ, ಹದಿನೈದಿಪ್ಪತ್ತು ನಿಮಿಷದಲ್ಲಿ ಮೇಲುಳಿದದ್ದನ್ನು ಬಟ್ಟೆಯಿಂದ ಒರೆಸಬೇಕು. ಸಜ್ಜದ ಕೆಳಗಿನ ಸಾಲುಗಳಲ್ಲಿ ಈ ಒರೆಸುವ ಕೆಲಸದಲ್ಲಿ ಸಡಿಲ ಬಿಟ್ಟೆವು. ಬಿಸಿಲು ಕಾಣದ ಆ ಮರ ಕುಡಿಯುವುದೇ ಕಡಿಮೆ. ಎರಡನೆಯ ಕೋಟು ನಾಲ್ಕು ದಿನವಾದರೂ ಅಂಟುತ್ತಿತ್ತು, ಧೂಳು ಹಿಡಿಯತೊಡಗಿತು. ಅಗಸೆ ಎಣ್ಣೆ ಬಳಿದ ಹಿರಿಯರನ್ನು ಮನಸ್ಸಿನಲ್ಲಿಯೇ ಕ್ಷಮೆ ಕೇಳಿ, ಟರ್ಪಂಟೈನ್ ಬಟ್ಟೆಯಿಂದ ಒರೆಸಿ ತೆಗೆದೆ.

ಎರಡನೆಯ ಸಂಜೆಯ ಘಟನೆಯೊಂದನ್ನು ಬಿಡಲಾಗದು. ಒರೆಸಿದ ಬಟ್ಟೆಗಳನ್ನೆಲ್ಲ ಹುಡುಗನೊಬ್ಬ ಪ್ಲಾಸ್ಟಿಕ್ ಬುಟ್ಟಿಗೆ ತುರುಕಿ ಉಗ್ರಾಣದಲ್ಲಿಟ್ಟಿದ್ದ. ಸುಟ್ಟ ಎಣ್ಣೆಯಂಥ ವಾಸನೆ ಬಂದು ಹೋಗಿ ಕೈಯಿಟ್ಟರೆ ನಡುವಿನ ಉಂಡೆ ಈಗಷ್ಟೇ ಇಸ್ತ್ರಿ ಮಾಡಿದ ಬಟ್ಟೆಯಷ್ಟು ಬಿಸಿ. ಒಣಗುವ ಎಣ್ಣೆ ಗಾಳಿಯ ಆಮ್ಲಜನಕ ಹೀರುವಾಗ ಶಾಖ ಬಿಡುತ್ತದೆ. ಮುದ್ದೆಯೊಳಗೆ ಆ ಶಾಖಕ್ಕೆ ಹೋಗಲು ದಾರಿಯಿಲ್ಲದೆ ತಾನಾಗಿ ಹೊತ್ತಿಕೊಳ್ಳುತ್ತದೆ. ಅದರ ಪಕ್ಕದಲ್ಲಿಯೇ ಉಳಿದ ಎರಡು ರೆಡ್‌ವುಡ್ ಹಲಗೆಗಳು ಒರಗಿದ್ದವು. ಅಂದಿನಿಂದ ಪ್ರತಿ ಬಟ್ಟೆಯೂ ನೀರು ತುಂಬಿದ ಬಕೆಟ್ಟಿಗೆ.

ಎರಡು ವರ್ಷ

2023ರ ಮಳೆಗಾಲದ ನಂತರ ಹೋದಾಗ ಕರಿಚುಕ್ಕೆ ಒಂದೂ ಮರಳಿರಲಿಲ್ಲ. ಗೇಟಿನ ಹತ್ತಿರ ಗ್ರೈಂಡರ್ ಹಚ್ಚಬಾರದೆಂಬ ಕಟ್ಟುನಿಟ್ಟು ಮನೆಯಲ್ಲಿ ಬಂದಿದೆ. ಅನಿವಾರ್ಯವಾದರೆ ಗೋಡೆಗೆ ಟಾರ್ಪಾಲು. ಆದರೆ ಮೊಳೆ ತೆಗೆಯದೆ ಬಿಟ್ಟ ಹತ್ತನೆಯ ಸಾಲಿನಲ್ಲಿ ಮೂರು ಕಡೆ ಕಣ್ಣೀರಿನ ಗೆರೆ ಮತ್ತೆ ಇಳಿದಿತ್ತು. ಸಜ್ಜದ ನೆರಳು ಎಲ್ಲಿಗೆ ಮುಗಿಯುತ್ತದೆಂದು ನಾನು ಬಿಸಿಲು ನೋಡಿ ಲೆಕ್ಕ ಹಾಕಿದ್ದೆ. ಗಾಳಿಯೊಂದಿಗೆ ಓರೆಯಾಗಿ ಬರುವ ಮಳೆಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಆ ಸಾಲಿನ ಮೊಳೆಗಳನ್ನೂ ಬದಲಿಸಿದೆವು. ಧೂಳು ತೆಗೆಯಲು ತಿಂಗಳಿಗೊಮ್ಮೆ ಮೆದು ಬ್ರಷ್, ದಸರೆಗೊಮ್ಮೆ ಸಾದಾ ನೀರು. ಒತ್ತಡದ ಪಂಪು ಈಗ ಕಾರಿಗೆ ಮಾತ್ರ.

2024ರ ಅಕ್ಟೋಬರಿನಲ್ಲಿ ಮತ್ತೆ ಎಣ್ಣೆ ಬೇಕೋ ಬೇಡವೋ ಎಂಬ ಪ್ರಶ್ನೆ ಬಂತು. ಯಜಮಾನರು ಗೋಡೆಯನ್ನು ಪೂರ್ತಿ ಮಾಡಿಸುವ ಉತ್ಸಾಹದಲ್ಲಿದ್ದರು. ಅಜ್ಜಿ ತಂಬಿಗೆಯಲ್ಲಿ ನೀರು ತಂದು ಬೆರಳದ್ದಿ ಸಾಲುಸಾಲಾಗಿ ಚಿಮುಕಿಸಿದರು. ಸಜ್ಜದ ಕೆಳಗೆ ಹನಿಗಳು ಕೆಸುವಿನೆಲೆಯ ಮೇಲಿನಂತೆ ನಿಂತವು. ಕೆಳಗಿನ ಸಾಲುಗಳಲ್ಲಿ ಎರಡು ನಿಮಿಷದೊಳಗೆ ಮರ ಅವನ್ನು ಕುಡಿದು ಕಪ್ಪಗಾಯಿತು. ಎಲ್ಲಿಯವರೆಗೆ ಕುಡಿಯಿತೋ ಅಲ್ಲಿಗೆ ಸೀಮೆಸುಣ್ಣದ ಗೆರೆ ಎಳೆದು, ಗೆರೆಯ ಕೆಳಗಿನ ಎಂಟು ಸಾಲಿಗೆ ಮಾತ್ರ ಒಂದು ಕೋಟು ಹಚ್ಚಿದೆವು; ಎರಡು ಲೀಟರಿಗಿಂತ ಕಡಿಮೆ ಸಾಕಾಯಿತು.